ಸಾಹೇಬರ ನಾಯಿಯ ಆಕಳಿಕೆ

ಭಾನುವಾರ ಬೆಳಿಗ್ಗೆ ಸೀಸರ್ ಆಕಳಿಸಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಸೀಸರ್, ಜಯಸಿಂಹ ಸಾಹೇಬರ ನಾಯಿ. ತುಮಕೂರಿನ ಮದುವೆಗೆ ಹೊರಟ ಸಾಹೇಬರು ಅದನ್ನು ಜಯನಗರದ ವಠಾರದಲ್ಲಿ, ತಮ್ಮ ಗುಮಾಸ್ತ ಅನಂತರಾಮುವಿನ ಬಾಗಿಲಲ್ಲಿ ಬಿಟ್ಟು, "ಸಂಜೆ ತನಕ ನೋಡ್ಕೊಳ್ರೀ. ನಿಮ್ಮ ಬೀದರ್ ಟ್ರಾನ್ಸ್‌ಫರ್ ನಿಲ್ಸೋ ವಿಷಯ ಆಮೇಲೆ ಯೋಚ್ನೆ ಮಾಡೋಣ" ಎಂದಿದ್ದರು. ಹಾಗಾಗಿ ಒಂದೊಂದು ಆಕಳಿಕೆಗೂ ಅನಂತರಾಮುವಿಗೆ ಬೀದರಿನ ಕೋಟೆಬಾಗಿಲೇ ತೆರೆದಂತಾಗುತ್ತಿತ್ತು.

"ದೃಷ್ಟಿ ಆಗಿದೆ ಕಣಪ್ಪಾ," ಎಂದರು ಪಕ್ಕದ ಮನೆಯ ನೀಲಗಂಗಮ್ಮ. ನಾಯಿ ಬಾಯ್ತೆರೆದಾಗಲೆಲ್ಲ ಅದರ ಮೂತಿಯ ಮುಂದೆ ಚಿಟಿಕೆ ಹೊಡೆದರು. ಅದು ತುಟಿ ನೆಕ್ಕಿತು.

"ಅಯ್ಯೋ, ಹಸಿವು!" ಎದುರುಮನೆಯ ಮಂಗಮ್ಮ ಮೊಸರನ್ನ ತಂದರು. ಅದು ಮುಖ ತಿರುಗಿಸಿತು.

"ಆಫೀಸರ್ ನಾಯಿ ಅಲ್ವಾ, ಪೊಗರು," ಎಂದು ಮಂಗಮ್ಮ ತಟ್ಟೆ ಎತ್ತಿಕೊಂಡರು.

ನೀಲಗಂಗಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ವಠಾರವೇ ಕೆಮ್ಮಿತು. ಸೀಸರ್ ಬಾಲ ಮುದುರಿ, ಒಂದು ಮುಂಗಾಲೆತ್ತಿ ನಡುಗಿತು.

"ನೋಡಿ, ಶೇಕ್‌ಹ್ಯಾಂಡ್ ಕೊಡ್ತಿದೆ!" ಎಂದರು ಮಂಗಮ್ಮ.

ಬೀದಿಯಲ್ಲಿ ಹೋಗುತ್ತಿದ್ದ ಪಶು ಆಸ್ಪತ್ರೆಯ ಕಾಂಪೌಂಡರ್ ಬೈಲಪ್ಪ ಹೊಗೆ ಕಂಡು ಸೈಕಲ್ ನಿಲ್ಲಿಸಿದ. "ದೃಷ್ಟಿನೂ ಅಲ್ಲ, ಶೇಕ್‌ಹ್ಯಾಂಡೂ ಅಲ್ಲ ಕಣಕ್ಕಾ. ಗಾಬ್ರಿ! ನಾಯಿಗೆ ದಿಗಿಲಾದ್ರೆ ನಿದ್ದೆ ಬರ್ದಿದ್ರೂ ಆಕಳಿಸ್ತೈತೆ, ತುಟಿ ನೆಕ್ತೈತೆ, ಕಿವಿ ಹಿಂದಕ್ಕೆ ಮಡಚ್ತೈತೆ. ಎಲ್ಲಾ ದೂರ ಹೋಗಿ, ಪಾಪ."

ಎಲ್ಲರೂ ಹೋದರು. ಮಧ್ಯಾಹ್ನ ಅಂಗಳದ ಗುಲ್‌ಮೊಹರ್ ಮರದ ಕೆಳಗೆ ಹೊತ್ತು ನಿಂತೇ ಹೋದಂತಿತ್ತು. ಕೆಂಪು ದಳಗಳು ಒಂದೊಂದಾಗಿ, ಯಾರನ್ನೂ ಎಬ್ಬಿಸದಂತೆ ಇಳಿಯುತ್ತಿದ್ದವು. ಸೀಸರ್ ಮೆಲ್ಲನೆ ಬಂದು ಅನಂತರಾಮುವಿನ ಪಾದದ ಮೇಲೆ ಗದ್ದವಿಟ್ಟು ನಿದ್ದೆಹೋಯಿತು. ಕನಸಿನಲ್ಲಿ ಅದು ಎಲ್ಲಿಗೋ ಓಡುತ್ತಿತ್ತು. ಅವನೂ ಕಣ್ಣು ಮುಚ್ಚಿ, ಬೀದರೇ ಇಲ್ಲದ ಯಾವುದೋ ಭೂಪಟದಲ್ಲಿ ಅದರ ಹಿಂದೆ ಓಡಿದ.

ಸಂಜೆ ಸಾಹೇಬರ ಫಿಯಟ್ ಬಂತು. ನೋಡಲು ವಠಾರವೆಲ್ಲ ಹೊರಬಂತು. ಮನೆಗೆ ಮರಳುತ್ತಿದ್ದ ಬೈಲಪ್ಪನೂ ನಿಂತ.

"ಸೀಸರ್! ಕಮ್!"

ಸೀಸರ್ ಎದ್ದಿತು. ಆಕಳಿಸಿತು. ತುಟಿ ನೆಕ್ಕಿ, ಕಿವಿ ಮಡಚಿ, ಅನಂತರಾಮುವಿನ ಪಂಚೆಯ ಹಿಂದೆ ಅಡಗಿತು.

"ಏನ್ರೀ ಮಾಡಿದ್ರಿ ಇದಕ್ಕೆ?" ಸಾಹೇಬರು ಗುಡುಗಿದರು.

"ಅವ್ರೇನೂ ಮಾಡಿಲ್ಲ ಸಾರ್," ಎಂದ ಬೈಲಪ್ಪ, ಉಪಕಾರ ಮಾಡುವವನಂತೆ. "ಈಗಷ್ಟೇ ಆರಾಮಾಗಿ ಮಲಗಿತ್ತು. ನಿಮ್ಮನ್ನ ಕಂಡೇ ಗಾಬ್ರಿ ಬಿದ್ದೈತೆ. ಸ್ವಲ್ಪ ದೂರ ನಿಂತ್ಕೊಳಿ."

"ಇನ್ನೂ ದೂರ ಸಾರ್, ಗೇಟಿನಾಚೆ," ಎಂದು ನೀಲಗಂಗಮ್ಮ ಕೈಬೀಸಿದರು.

ಗೇಟಿನಾಚೆ ನಿಂತ ಸಾಹೇಬರ ಮುಖ ಕೆಂಡವಾಗಿತ್ತು. ದನಿ ಮಾತ್ರ ಬೆಣ್ಣೆ.

"ಅನಂತರಾಮು, ಅದನ್ನ ನೀವೇ ಇಟ್ಕೊಳ್ಳಿ."

"ಸಾರ್... ಬೀದರ್?"

"ಅಲ್ಲಿಗೂ ಕರ್ಕೊಂಡ್ಹೋಗಿ. ನನ್ನಿಂದ ದೂರ ಇದ್ರೆ ಇಬ್ರಿಗೂ ಆರಾಮ."