ಎಡಮೂಲೆಯ ಹಳದಿ ಚೌಕ

ನಮ್ಮ ಕಾಕಾ ಬರುತ್ತಾರೆ ಎಂದರೆ ಈ ಹಿಮದ ದೇಶದಲ್ಲಿ ಮಾರ್ಕಮ್‌ನಿಂದ ಮಿಸಿಸಾಗದವರೆಗಿನ ಕನ್ನಡಿಗರೆಲ್ಲ ಮೊದಲು ಮಾಡುವ ಕೆಲಸ ಲ್ಯಾಪ್‌ಟಾಪ್ ಬಚ್ಚಿಡುವುದು! ಕಳ್ಳರಲ್ಲ, ಪಾಪ. ನಿವೃತ್ತ ಎಂಜಿನಿಯರು, ಧಾರವಾಡದ ಮರ್ಯಾದಸ್ಥರು. ಆದರೆ ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್‌ಡ್ರೈವ್, ಅದರೊಳಗೆ ಡೆಬಿಯನ್. ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ ಹತ್ತಾರು ತಳಿಗಳಿವೆಯಂತೆ. ಕಾಕಾನ ಪ್ರಕಾರ ಡೆಬಿಯನ್ ಒಂದೇ ಸಜ್ಜನ, ಉಳಿದವೆಲ್ಲ ಪುಂಡರು.

ಒಮ್ಮೆ ಮಿಸಿಸಾಗದಲ್ಲಿ ಗೆಳೆಯರೊಬ್ಬರ ಗೃಹಪ್ರವೇಶ. ಮೇಲೆ ಸತ್ಯನಾರಾಯಣ ಪೂಜೆ, ಕೆಳಗೆ ಬೇಸ್‌ಮೆಂಟಿನಲ್ಲಿ ಕಾಕಾ. ಐದನೆಯ ಅಧ್ಯಾಯ ಮುಗಿದು ಸಪಾದ ಭಕ್ಷ್ಯ ಹಂಚುವ ಹೊತ್ತಿಗೆ ಆ ಮನೆಯ ಕಂಪ್ಯೂಟರಿಗೆ ಮತಾಂತರ ಆಗಿಹೋಗಿತ್ತು! ಫೋಟೋಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟಿದ್ದರು, ಅದು ಬೇರೆ ಮಾತು.

"ಪ್ರಿಂಟರ್ರೇ ವರ್ಕ್ ಆಗ್ತಿಲ್ವಲ್ಲ ಸಾರ್! ಮಂಡೇ ಆಫೀಸಿಗೆ ಏನು ಕೊಡ್ಲಿ?" ಎಂದು ಯಜಮಾನರು ಗೋಳಾಡಿದರು.

"ನಿಮ್ಮ ಅಕ್ಷರ ಛಲೋ ಅದಾವಲ್ಲ, ಕೈಲೆ ಬರೀರಿ," ಎಂದರು ಕಾಕಾ.

ಅಷ್ಟೇ ಅಲ್ಲ, ಪರದೆಯ ಎಡಗಡೆ ಮೇಲ್ಮೂಲೆಯಲ್ಲಿ ಒಂದು ಹಳದಿ ಚೌಕವನ್ನೂ ಕೂರಿಸಿದ್ದರು. ಯಜಮಾನರು ಕುತೂಹಲಕ್ಕೆ ಅದನ್ನು ಒತ್ತಿದರೆ, ಗದಗಿನಿಂದ ಹೆಣ್ಣುಮಗಳೊಬ್ಬರು ಪರದೆಯ ಮೇಲೆ ಪ್ರತ್ಯಕ್ಷ! "ಊಟಾ ಆತೇನ್ರೀ? ತಾವು ಯಾರು?" ನೋಡಿದರೆ ಕಾಕಾನ ಹೆಂಡತಿ, ನಮ್ಮ ಕಾಕುವಿನ ತಂಗಿ! ಊರವರ ಕಂಪ್ಯೂಟರಿಗೆಲ್ಲ ತನ್ನ ನಾದಿನಿಯನ್ನು ಅಂಟಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಾರ್ಕಮ್‌ನ ಅವರ ಮನೆಗೆ ಹೋದಾಗ ನಾನೂ ಕೆಣಕಿದೆ. "ಬ್ಯಾರೆ ಲಿನಕ್ಸ್ ಯಾಕ ಬ್ಯಾಡ ಕಾಕಾ?"

"ಫೆಡೋರಾ ಅಂದ್ರ ಆರ್ ತಿಂಗಳಿಗೊಮ್ಮೆ ಮನಿ ಬದಲ್ ಮಾಡೋ ಬಾಡಿಗಿದಾರ. ಆರ್ಚ್ ಅಂದ್ರ ದಿನಾ ಮೈ ತೊಳೀಬೇಕಾದ ಎಮ್ಮಿ."

"ಹಂಗಾರ ಡೆಬಿಯನ್‌ದಾಗ ಹೊಸಾದು ಏನ್ ಬರ್ತದ?"

"ಏನೂ ಬರೂದಿಲ್ಲ! ವರ್ಷಗಟ್ಟಲೆ ಇಟ್ಟದ್ದು ಇಟ್ಟಲ್ಲೇ. ಅದಽ ಅದರ ದೊಡ್ಡಸ್ತಿಕಿ!"

ಒಳಗಿನಿಂದ ಕಾಕು ಕೂಗಿದರು. "ಒಂದು ಹಿಡದ್ರ ಬಿಡೂ ಮನಷ್ಯಾ ಅಲ್ಲವಾ ಇವರು. ಇಲ್ಲಂದ್ರ ನಾ ಎಂದೋ ಪಾರಾಗ್ತಿದ್ದೆ!"

ಕಾಕುವಿಗೆ ಕೆಲವು ವರ್ಷಗಳಿಂದ ಕಣ್ಣು ಮಂಜು. ಮದ್ದಿಲ್ಲ ಎಂದಿದ್ದಾರೆ ಡಾಕ್ಟರು. ಉಪ್ಪು, ಸಕ್ಕರೆ ಡಬ್ಬಿಗಳನ್ನು ಕೈಯಂದಾಜಿನಲ್ಲೇ ತೆಗೆಯುತ್ತಾರೆ. ಯಾರಾದರೂ ಜಾಗ ಬದಲಿಸಿದರೋ, ಅವತ್ತು ಸಾರಿಗೆ ಸಕ್ಕರೆ! ದಿನಾ ಬೆಳಿಗ್ಗೆ ತಂಗಿಯ ದನಿ ಕೇಳದೆ ಅವರಿಗೆ ಚಹಾ ಇಳಿಯುವುದಿಲ್ಲ. ಫೋನಿನ ನುಣುಪು ಗಾಜು ಅವರ ಬೆರಳಿಗೆ ಒಗ್ಗದು, ಆದರೂ ಕರೆ ತಾವೇ ಹಚ್ಚಬೇಕು, ಅದಕ್ಕೆ ಕಂಪ್ಯೂಟರಿನ ಮೌಸೇ ಆಗಬೇಕು. "ಇವರು ಹಚ್ಚಿಕೊಟ್ರ ಇವರಽ ಮಾತಾಡ್ತಾರ!"

೨೦೧೮ರ ಚಳಿಗಾಲದಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದ ಇಬ್ಬರೂ ಹಿಮ ಜೋರಾಗಿ ಅಲ್ಲೇ ಉಳಿದರು. ನನ್ನ ಹೊಸ ಲ್ಯಾಪ್‌ಟಾಪು ಬಟ್ಟೆ ಒಣಗಿಸುವ ಡ್ರೈಯರಿನಲ್ಲಿ ಟವೆಲ್‌ಗಳ ಕೆಳಗೆ ಸುಖವಾಗಿ ಮಲಗಿತ್ತು. ಬೆಳಿಗ್ಗೆ ತಂಗಿಗೆ ಕರೆ ಹಚ್ಚಲು ಅದನ್ನು ಕೇಳಿದವರು ಕಾಕು, ಇಲ್ಲ ಎನ್ನಲಾದೀತೇ? "ಪೆನ್‌ಡ್ರೈವ್ ಹೊರಗ ತಗ್ಯಂಗಿಲ್ಲ!" ಎಂದು ಕಾಕಾಗೆ ತಾಕೀತು ಮಾಡಿ, ತಂದು ಇಟ್ಟೆ.

ಕಾಕು ಮೌಸನ್ನು ಎಡಕ್ಕೆ, ಮೇಲಕ್ಕೆ, ಇನ್ನು ಹೋಗದು ಎನ್ನುವ ತನಕ ತಳ್ಳಿ ಒತ್ತಿದರು. ಏನೋ ತೆರೆಯಿತು.

"ಬಂದ್ಲೇನವಾ?"

"ಇಲ್ಲ ಕಾಕು, ಹವಾಮಾನ. ಮೈನಸ್ ಹದಿನೆಂಟಂತ."

ಮತ್ತೆ ತಳ್ಳಿದರು. ಮತ್ತೆ ಅದೇ ಮೈನಸ್ ಹದಿನೆಂಟು. ಕಾಕು ನಕ್ಕುಬಿಟ್ಟರು. "ಇರ್ಲಿ ಬಿಡವಾ, ನಿಮ್ಮ ಮನ್ಯಾಗ ನನ್ನ ತಂಗಿ ಇಲ್ಲ." ಎದುರಿಗಿದ್ದ ಚಹಾ ಮಾತ್ರ ಹಾಗೇ ಆರುತ್ತಿತ್ತು.

ಕಾಕಾ ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತರು. ದನಿ ತಗ್ಗಿತ್ತು. "ಬ್ಯಾರೇವೂ ಛಲೋನ ಅದಾವವಾ. ಆದ್ರ ಅವು ಸುಧಾರಿಸ್ಕೋತ ಹೋಗ್ತಾವ, ಇಟ್ಟದ್ದು ಇಟ್ಟಲ್ಲೇ ಇರೂದಿಲ್ಲ. ಆಕಿ ಕಣ್ಣು ಸುಧಾರಿಸೂದಿಲ್ಲ. ಯಾರ ಮನಿಗೆ ಹೋದ್ರೂ ಆಕಿ ಕೈಗೆ ತಂಗಿ ಸಿಗಬೇಕಲ್ಲ?"

ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾಗ ಈ ಮನುಷ್ಯ ಮನೆಮನೆಗೆ ಹೋಗಿ ಹೆಂಡತಿಯ ಉಪ್ಪಿನ ಡಬ್ಬಿಯನ್ನು ಅದರ ಜಾಗದಲ್ಲಿ ಇಟ್ಟು ಬರುತ್ತಿದ್ದರು.

ಲ್ಯಾಪ್‌ಟಾಪನ್ನು ತಂದು ಅವರ ಮುಂದಿಟ್ಟೆ. "ತಗೀರಿ ಕಾಕಾ, ಜೇಬಿನಾಗಿಂದು."

"ನಿನ್ನ ಪ್ರಿಂಟರ್?"

"ನನ್ನ ಅಕ್ಷರ ಛಲೋ ಅದಾವ. ಕೈಲೆ ಬರೀತೀನಿ."