ತಾನೇ ತೂಗುವ ತೊಟ್ಟಿಲು

ಅಮ್ಮ: ನಿಮ್ಮದನ್ನ ಅಂಗಡಿಗೆ ವಾಪಸ್ ಕೊಟ್ಬಿಡಿ ಬೀಗಿತಿ. ಹಳದಿ ಬಣ್ಣ ನೋಡಿದ್ರೆ ಮಗು ಮಲಗಲ್ಲ.

ಅತ್ತೆ: ಮಲಗೋ ಮಗು ಕಣ್ಣು ಮುಚ್ಕೊಂಡಿರುತ್ತೆ. ಬಣ್ಣ ನೋಡೋರು ನಾವು.

ನಡುಮನೆಯಲ್ಲಿ ಎರಡು ಕರೆಂಟ್ ತೊಟ್ಟಿಲುಗಳು ಎದುರುಬದುರು ನಿಂತಿದ್ದವು. ಒಂದೇ ಕಂಪನಿ, ಒಂದೇ ಅಳತೆ. ಒಂದು ನೀಲಿ, ಒಂದು ಹಳದಿ. ಒಂದೊಂದರ ಹಿಂದೆ ಒಬ್ಬೊಬ್ಬ ಅಜ್ಜಿ. ನಡುವೆ, ಒಂದು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡ ಬಾಣಂತಿ. ಯಾವುದರಲ್ಲಿ ಮಲಗಿಸಿದರೂ ಇನ್ನೊಂದು ಕಡೆ ಮುಖ ಊದುತ್ತಿತ್ತು. ಹಾಗಾಗಿ ತೊಟ್ಟಿಲು ಎರಡಾದರೂ ಮಗುವಿಗೆ ಅವಳ ಹೆಗಲೇ ಗತಿ.

ಅಮ್ಮ: ನಂದು ಸ್ವಿಚ್ ಹಾಕಿದ್ರೆ ತಾನೇ ತೂಗುತ್ತೆ.

ಅತ್ತೆ: ತೊಟ್ಟಿಲು ತಾನೇ ತೂಗೋದಾದ್ರೆ ಅಜ್ಜಿ ಯಾತಕ್ಕೆ?

ಅಮ್ಮ: ನಿಮ್ಮದಕ್ಕೂ ಸ್ವಿಚ್ ಇದೆಯಲ್ಲ.

ಅತ್ತೆ: ಇದೆ. ನಾವು ಹಾಕೋದಿಲ್ಲ.

ಅಮ್ಮ: ಅಷ್ಟು ಸಣ್ಣ ಕಾಲು. ನಿಮ್ಮದು ಎಷ್ಟು ಭಾರ?

ಅತ್ತೆ: ನನ್ನ ಭಾರ ಕಟ್ಕೊಂಡು ನಿಮಗೇನು? ನಾನೇನು ಅದರಲ್ಲಿ ಮಲಗ್ತೀನಾ?

ಅಮ್ಮ: ತೊಟ್ಟಿಲಿನ ಭಾರ ಕೇಳಿದ್ದು.

ಅತ್ತೆ ಸೆರಗು ಸರಿಮಾಡಿಕೊಂಡು ಮಾತಿನ ದಾರಿ ಬದಲಿಸಿದರು.

ಅತ್ತೆ: ಹೋಗಲಿ, ತರೋಕೆ ಮುಂಚೆ ತಾಯಿಗೆ ಏನು ಬೇಕು ಅಂತ ಒಂದು ಮಾತು ಕೇಳಿದ್ರಾ?

ಅಮ್ಮ: ತಾಯಿ ನಾನೇ ಅಲ್ವಾ? ಇನ್ಯಾರನ್ನ ಕೇಳಬೇಕಿತ್ತು?

ಅತ್ತೆ: ಮಗುವಿನ ತಾಯೀನ.

ಅಮ್ಮ: ನೀವು ಕೇಳಿದ್ರಾ?

ಅತ್ತೆ: ನನ್ನ ಮಗನ್ನ ಕೇಳಿದೆ. ಅವಳಿಗೇನೂ ಬೇಡ ಅಂದ.

ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿ ಆಗಿತ್ತು. ಮಗು ಅವಳ ಕಿವಿಯ ಪಕ್ಕದಲ್ಲೇ ರಾಗ ಎಳೆಯಿತು. ರೆಪ್ಪೆಗೆ ರೆಪ್ಪೆ ಅಂಟಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿಲ್ಲ.

ಬಾಣಂತಿ: ಎರಡೂ ಇರಲಿ. ನೀಲಿ ಅಮ್ಮನ ಮನೇಲಿ, ಹಳದಿ ಅತ್ತೆ ಮನೇಲಿ. ಮಗು ಒಂದು ದಿನ ಅವರಲ್ಲಿ, ಒಂದು ದಿನ ಇವರಲ್ಲಿ. ಬೆಳಿಗ್ಗೆ ಮಗೂನ ಬಿಡ್ತೀನಿ, ಸಂಜೆ ಇಲ್ಲಿ ನಮ್ಮನೆಗೆ ಕರ್ಕೊಂಡು ಬರ್ತೀನಿ. ನಡುವೆ ನಾನು ಮಲಗ್ತೀನಿ. ನಾಳೆ ಯಾರ ಮನೆ?

ಇಬ್ಬರು ಅಜ್ಜಿಯರೂ ಮಗುವಿನ ಕಡೆ ನೋಡಿದರು. ಅದು ಈಗ ರಾಗ ಬಿಟ್ಟು ತಾರಕಕ್ಕೆ ಹೋಗಿತ್ತು.

ಅಮ್ಮ: ನನಗೆ ಮಂಡಿ ನೋವು ನೋಡು. ನಿಮ್ಮತ್ತೆ ಮನೇನೇ ಆಗಲಿ. ವಂಶ ಅವರದು.

ಅತ್ತೆ: ಹೆತ್ತವರಿಗಿಂತ ಹೆಚ್ಚಾ ನಾವು? ನಿಮ್ಮ ಮನೇಲೇ ಇರಲಿ ಬೀಗಿತಿ. ನೀಲಿ ಕಣ್ಣಿಗೂ ತಂಪು.

ಅಮ್ಮ: ಛೆ, ಹಳದಿ ಲಕ್ಷಣವಾಗಿದೆ. ವಯಸ್ಸಲ್ಲೂ ದೊಡ್ಡವರು ನೀವು.

ಅತ್ತೆ: ನಿಮಗಿಂತ ಆರು ತಿಂಗಳು ಚಿಕ್ಕೋಳು ನಾನು.

ಬಾಣಂತಿ ಮಗುವನ್ನು ಅತ್ತೆಯ ತೋಳಿಗೆ ಕೊಟ್ಟಳು, ಲಂಗೋಟಿಗಳ ಚೀಲವನ್ನು ಅಮ್ಮನ ಕೈಗೆ. ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಮ್ಮ: ಬೇಗ ಬಂದ್ಬಿಡೇ, ಏನೋ ವಾಸನೆ ಬರ್ತಿದೆ.

ಬಾಣಂತಿ: ಯಾರು ಅಂತ ನಿಧಾನವಾಗಿ ಮಾತಾಡ್ಕೊಳ್ಳಿ. ನಾನು ತಲೆಗೂ ನೀರು ಹಾಕ್ಕೋತೀನಿ.