ತಲೆಯೊಳಗಿನ ತಾಳ

ಮದ್ದಳೆಗಾರರಿಗೆ ಒಂದು ಕೆಟ್ಟ ಚಾಳಿ, ಕೇಳಿದ್ದಕ್ಕೆಲ್ಲ ತಾಳ ಹುಡುಕುವುದು. ಗಂಜಿ ಕುದಿಯುವ ಸದ್ದಿಗೂ ನನ್ನ ಬೆರಳು ಕುಣಿಯುತ್ತದೆ. ಹೆಂಡತಿ ಬೈಯುವಾಗಲೂ ಅದು ಏಕತಾಳವೋ ಆದಿತಾಳವೋ ಎಂದು ಯೋಚಿಸುತ್ತಿರುತ್ತೇನೆ. ಬೈದದ್ದು ಏಕೆಂದು ಮಾತ್ರ ತಿಳಿಯುವುದಿಲ್ಲ. ಇಂಥ ನಾನು ಕುಂಭಾಶಿಯಲ್ಲಿ, ಮಧ್ಯಾಹ್ನದ ಊಟದ ಮೇಲಿನ ತಾಳಮದ್ದಳೆಯಲ್ಲಿ, ಪದ್ಯದ ನಡುವೆ ಕೈ ನಿಲ್ಲಿಸಿಬಿಟ್ಟೆ. ಭಾಗವತರು ತಿವಿದಾಗ ಕಣ್ಣೆದುರು ಬೆಳ್ಳಗೆ ಏನೋ ತೇಲುತ್ತಿತ್ತು.

"ಹ್ವಾಯ್, ಇದ್ ಮೂರ್ಛಿ ರೋಗವೇ ಸೈ. ಡಾಕ್ಟ್ರಿಗೆ ತೋರ್ಸ್ದೆ ಇನ್ ಮದ್ದಳಿ ಮುಟ್ಟೂಕಾಗ" ಎಂದರು.

ಮದ್ದಳೆ ಬಿಟ್ಟರೆ ನನಗೆ ಬರುವುದು ಊಟ ಮಾಡುವುದೊಂದೇ.

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ತಂಗಿಯ ಮಗಳು ಸುಮತಿಗೆ ಮಿದುಳಿನ ಪರೀಕ್ಷೆ ಮಾಡುವ ಕೆಲಸ. ತಲೆಗೆಲ್ಲ ವಯರು ಅಂಟಿಸಿ ಮಲಗಿಸಿದಳು. ಮಿದುಳಿನ ಅಲೆಗಳನ್ನು ಗೆರೆಯಾಗಿ ನೋಡುವುದಲ್ಲದೆ, ವೇಗ ಹೆಚ್ಚಿಸಿ ಸದ್ದು ಮಾಡಿ ಕೇಳಿಯೂ ಪರಿಶೀಲಿಸುತ್ತಾಳಂತೆ. "ಕಣ್ಣಿಗ್ ತಪ್ಪಿದ್ದ್ ಕಿವಿಗ್ ಸಿಕ್ಕತ್ತ್, ಮಾವ" ಎಂದಳು. ಮನೆತನದಲ್ಲಿ ಒಬ್ಬಳಿಗಾದರೂ ಕಿವಿಯ ಬೆಲೆ ಗೊತ್ತಲ್ಲ ಎಂದು ಹಿಗ್ಗಿದೆ.

ಪರೀಕ್ಷೆ ಮುಗಿದು, ಡಾಕ್ಟರೂ ನೋಡಿದ ಮೇಲೆ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಎರಡು ಸದ್ದು ಕೇಳಿಸಿದಳು, ಒಂದು ನನ್ನ ತಲೆಯದು, ಇನ್ನೊಂದು ಬೇರೆಯವರದು. ಮೊದಲನೆಯದು ನಾವುಂದದ ಕಡಲು ಮಧ್ಯಾಹ್ನ ತೂಕಡಿಸಿದ ಹಾಗೆ. ಉಬ್ಬುತ್ತದೆ, ಉಬ್ಬಿದ್ದನ್ನು ಮರೆಯುತ್ತದೆ, ಎಲ್ಲೋ ದೂರದಲ್ಲಿ ಏನೋ ಚಿಲಿಪಿಲಿ ಎನ್ನುತ್ತದೆ. ಮೈ ಹಗುರಾಗಿ ಅದರೊಳಗೇ ತೇಲಿಹೋದೆ. ಬೆರಳು ಮಾತ್ರ ಒಪ್ಪಲಿಲ್ಲ. ಎಷ್ಟು ತಡಕಿದರೂ ತಾಳವೇ ಇಲ್ಲ! ಎರಡನೆಯದೋ, ಧೀಂ ಧೀಂ ಧೀಂ, ಕೂದಲೆಳೆಯಷ್ಟೂ ತಪ್ಪದ ಲಯ. ಮೇಜಿನ ಮೇಲೆ ಜೊತೆಗೆ ನುಡಿಸಿಯೇಬಿಟ್ಟೆ.

"ಇದೇ ನಂದ್! ಆ ಮೊದ್ಲಿನವ್ನ ಗತಿ ಎಂತದೋ, ಪಾಪ."

ಸುಮತಿ ನನ್ನ ಬೆರಳು ಹಿಡಿದು ನಿಲ್ಲಿಸಿದಳು. "ಮಾವ, ಇದ್ ಯಾರಿಗೋ ಮೂರ್ಛಿ ಬಂದಾಗಿನ ಸದ್ದ್. ಹೋಲ್ಸಿ ಕಾಂಬುಕೆ ಇಟ್ಕಂಡದ್. ಮಿದುಳೆಲ್ಲ ಒಂದೇ ತಾಳಕ್ಕೆ ಬಿದ್ರೆ ಅದೇ ರೋಗ. ಮೊದ್ಲಿನದ್ ನಿಮ್ದ್. ಡಾಕ್ಟ್ರೂ ಎಂತದೂ ಇಲ್ಲ ಅಂದ್ರ್. ವಯರ್ ಅಂಟ್ಸಿ ಮುಗುದ್ರೊಳ್ಗೆ ನೀವ್ ನಿದ್ದಿ ಮಾಡಿ ಆಯ್ತ್! ಕುಂಭಾಶಿಯಲ್ಲಿ ಎಷ್ಟ್ ಪಾಯ್ಸ ಹೊಡ್ದಿದ್ರಿ?"

ಅಂದು ತೂಕಡಿಕೆಯಲ್ಲಿ ಕಣ್ಣೆದುರು ತೇಲಿದ್ದು ಶಾವಿಗೆ ಪಾಯಸವೆಂದು ಆಗ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಗಿ ಕಣ್ಣು ತುಂಬಿ ಬಂತು. ಸಾಲಿಗ್ರಾಮದ ಬಸ್ಸು ಹತ್ತಿದವನೇ ಭಾಗವತರಿಗೆ ಫೋನು ಮಾಡಿದೆ. ನಿದ್ದೆಯ ವಿಷಯ ನುಂಗಿಕೊಂಡು, "ತಲಿಯೊಳ್ಗೆ ತಾಳವೇ ಇಲ್ಲ ಅಂಬ್ರ್. ಹಾಂಗಾಯಿ ಎಂತ ತೊಂದ್ರಿಯೂ ಇಲ್ಲ" ಎಂದೆ.

"ತಾಳ ಇಲ್ಲ ಅಂಬುದ್ ಇಪ್ಪತ್ತ್ ವರ್ಷದಿಂದ ನಂಗ್ ಗೊತ್ತಿತ್ತ್" ಎಂದರು ಭಾಗವತರು. "ಶನಿವಾರ ಬನ್ನಿ. ಪಾಯ್ಸ ಮಾತ್ರ ಪ್ರಸಂಗ ಮುಗ್ದ್ ಮೇಲೆ."